ಇಲೆಕ್ಟ್ರಾನ್ ಪಡೆದರೂ ಅದು ‘ಅಪಕರ್ಷಣ’ ಯಾಕೆ?

ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಒಂದೇ ರಾಸಾಯನಿಕ ಕ್ರಿಯೆಗೆ ಮೂರು ಹೆಸರು: ಕನ್ನಡದಲ್ಲಿ ಅಪಕರ್ಷಣ, ಮಲಯಾಳದಲ್ಲಿ ನಿರೋಕ್ಸೀಕರಣ, ಇಂಗ್ಲಿಷಿನಲ್ಲಿ ರಿಡಕ್ಷನ್. ಒಂದೊಂದರ ಹಿಂದೆಯೂ ಒಂದೊಂದು ಕಾಲದ ತಿಳಿವಳಿಕೆ ಇದೆ.

ರಿಡಕ್ಷನ್ ಎಲ್ಲಕ್ಕಿಂತ ಹಳತು. ಅದಿರನ್ನು ಇದ್ದಿಲಿನೊಂದಿಗೆ ಕಾಯಿಸಿ ಲೋಹವನ್ನು ಮರಳಿ ಪಡೆಯುತ್ತಿದ್ದವರ ಮಾತು. 1770ರ ದಶಕದಲ್ಲಿ ಫ್ರಾನ್ಸಿನ ರಸಾಯನ ವಿಜ್ಞಾನಿ ಲವಾಸಿಯೆ, ಉರಿಯುವುದೆಂದರೆ ಆಕ್ಸಿಜನ್ ಕೂಡುವುದು ಎಂದು ತೋರಿಸಿದ. ಅದರ ವಿರುದ್ಧ, ಅಂದರೆ ಆಕ್ಸಿಜನ್ ಕಳೆಯುವುದು, ನಿರೋಕ್ಸೀಕರಣದಲ್ಲಿರುವ ಅರ್ಥ. (ಆಮ್ಲಕ್ಕೆಲ್ಲ ಆಕ್ಸಿಜನ್ನೇ ಮೂಲ ಎಂಬ ಅವನ ತಪ್ಪು ನಮ್ಮ ‘ಆಮ್ಲಜನಕ’ದಲ್ಲಿ ಇನ್ನೂ ಕೂತಿದೆ.) 1897ರಲ್ಲಿ ಇಂಗ್ಲೆಂಡಿನ ಭೌತ ವಿಜ್ಞಾನಿ ಥಾಮ್ಸನ್ ಪರಮಾಣುವಿನೊಳಗಿನ ಋಣ ಆವೇಶದ ಕಣವಾದ ಇಲೆಕ್ಟ್ರಾನನ್ನು ಗುರುತಿಸಿದ ಮೇಲೆ ಲೆಕ್ಕವೇ ಬದಲಾಯಿತು: ಇಲೆಕ್ಟ್ರಾನ್ ಕಳಕೊಂಡರೆ ಉತ್ಕರ್ಷಣ, ಪಡೆದರೆ ಅಪಕರ್ಷಣ. ಎಲ್ಲ ವ್ಯಾಖ್ಯೆಗಳನ್ನೂ ಒಂದೇ ಪುಟದಲ್ಲಿ ಪೇರಿಸಿಟ್ಟರೆ ಮಗು ಬಾಯಿಪಾಠ ಮಾಡದೆ ಇನ್ನೇನು ಮಾಡೀತು?

ಆಕ್ಸಿಜನ್ನಿನ ಹಂಗಿಲ್ಲದ ಉದಾಹರಣೆ ಅಡಿಕೆ ತೋಟದಲ್ಲೇ ಇದೆ. ಕೊಳೆರೋಗದ ಮದ್ದಿಗೆ 1 ಕಿಲೋ ಮೈಲುತುತ್ತನ್ನು (ತಾಮ್ರದ ಸಲ್ಫೇಟ್) 50 ಲೀಟರ್ ನೀರಿನಲ್ಲಿ, 1 ಕಿಲೋ ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿ ಕದಡಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತಾರೆ. ಇಲ್ಲಿಯವರೆಗೆ ಉತ್ಕರ್ಷಣವೂ ಇಲ್ಲ, ಅಪಕರ್ಷಣವೂ ಇಲ್ಲ. ತಾಮ್ರ +2 ಆಗಿಯೇ (ಅಂದರೆ ಎರಡು ಇಲೆಕ್ಟ್ರಾನ್ ಕಳಕೊಂಡ ಸ್ಥಿತಿಯಲ್ಲೇ) ಇದ್ದು, ನೀರಿನಲ್ಲಿ ಕರಗದ ರೂಪಕ್ಕೆ ಬರುತ್ತದೆ ಅಷ್ಟೆ.

ಆಮೇಲೆ ಉಜ್ಜಿ ತೊಳೆದ ಕಬ್ಬಿಣದ ಕತ್ತಿಯನ್ನು ಒಂದು ನಿಮಿಷ ಅದ್ದಿ ನೋಡುತ್ತಾರೆ. ಅಲಗು ಕೆಂಪಾದರೆ ತಾಮ್ರದ ಅಯಾನು (ಆವೇಶವಿರುವ ಪರಮಾಣು) ಇನ್ನೂ ಬಿಡಿಯಾಗಿ ಉಳಿದಿದೆ ಎಂದರ್ಥ. ಕಬ್ಬಿಣದ ಪರಮಾಣು ಎರಡು ಇಲೆಕ್ಟ್ರಾನ್ ಬಿಟ್ಟುಕೊಟ್ಟು 0ಯಿಂದ +2ಕ್ಕೆ ಏರಿತು. ತಾಮ್ರ ಅವನ್ನು ಪಡೆದು +2ರಿಂದ 0ಗೆ ಇಳಿಯಿತು. ಪಡೆದದ್ದು ಋಣ ಆವೇಶ, ಹಾಗಾಗಿ ಅಂಕೆ ಇಳಿಯಲೇಬೇಕು. ಉತ್ಕರ್ಷ ಎಂದರೆ ಏರು, ಅಪಕರ್ಷ ಎಂದರೆ ಇಳಿತ. ಕನ್ನಡದ ಹೆಸರು ಈ ಲೆಕ್ಕಕ್ಕೆ ಸರಿಯಾಗಿ ಹೊಂದುತ್ತದೆ, ಆದರೂ ಅದನ್ನು ಬಿಡಿಸಿ ಹೇಳುವುದು ಕಡಿಮೆ.

ಅಲಗು ಕೆಂಪಾದ ಮದ್ದನ್ನು ಹಾಗೇ ಸಿಂಪಡಿಸಿದರೆ ಎಳೆಕಾಯಿ ಸುಡುತ್ತದೆ. ಗಾಳಿ ತಾಗಿದ ಹಳೆ ಸುಣ್ಣಕ್ಕೆ ಬಲವಿರುವುದಿಲ್ಲ, 1 ಕಿಲೋ ಸಾಲದು. ಅಲಗು ಕೆಂಪಾಗದಷ್ಟಕ್ಕೆ ಸ್ವಲ್ಪ ಸ್ವಲ್ಪವೇ ಸುಣ್ಣ ಸೇರಿಸಬೇಕು. ತುತ್ತನ್ನು ಕಬ್ಬಿಣದ ಡ್ರಮ್ಮಿನಲ್ಲಿ ಕರಗಿಸಬಾರದು ಎನ್ನುವುದೂ ಇದಕ್ಕೇ: ತಾಮ್ರ ಡ್ರಮ್ಮಿಗೆ ಹಿಡಿಯುತ್ತದೆ, ಡ್ರಮ್ಮು ಸವೆಯುತ್ತದೆ, ಮದ್ದು ತೆಳ್ಳಗಾಗುತ್ತದೆ.