ಮಲ್ಲೇಶ್ವರದ ಮರ, ಯಾದಗಿರಿಯ ಸೇತುವೆ

ಮೇ ತಿಂಗಳ ಒಂದು ಸಂಜೆ ಅಂದುಕೊಳ್ಳಿ. ಗಾಳಿಮಳೆಗೆ ಮಲ್ಲೇಶ್ವರದಲ್ಲಿ ಮರ ಉರುಳಿ ಕಾರೊಂದು ಜಖಂ. ಅದೇ ಹೊತ್ತಿಗೆ ಯಾದಗಿರಿಯ ಹಳ್ಳಿಯೊಂದರಲ್ಲಿ ಕಿರುಸೇತುವೆ ಕೊಚ್ಚಿಹೋಗಿದೆ. ಮರುದಿನ ಬೆಂಗಳೂರಿನ ಪೇಪರ್‌ನಲ್ಲಿ ಮುಖಪುಟಕ್ಕೆ ಬರುವುದು ಯಾವುದು? ಹೇಳಬೇಕಿಲ್ಲ, ಅಲ್ವಾ?

ಯಾವುದು ಸುದ್ದಿ ಎಂದು ಯಾರೋ ಒಬ್ಬರು ಕೂತು ತೂಗುವುದು ಹಳೆಯ ಕೆಲಸ. 1843ರ ಜುಲೈ 1ರಂದು ಮಂಗಳೂರಿನಲ್ಲಿ ಹೆರ್ಮನ್ ಮೋಗ್ಲಿಂಗ್ 'ಮಂಗಳೂರ ಸಮಾಚಾರ' ಶುರು ಮಾಡಿದಾಗ ಆ ತಕ್ಕಡಿ ಪಾದ್ರಿಯ ಕೈಯಲ್ಲಿತ್ತು. ಊರಿನ ವರ್ತಮಾನದ ಜೊತೆ ಸರ್ಕಾರದ ನಿರೂಪಗಳು (ಆದೇಶಗಳು), ಕಥೆ, ಹಾಡು ಎಲ್ಲಕ್ಕೂ ಅಲ್ಲಿ ಜಾಗ. ಹದಿನೈದು ದಿನಕ್ಕೊಮ್ಮೆ ಬರುವ ಪತ್ರಿಕೆಗೆ ಅವಸರವೂ ಇರಲಿಲ್ಲ.

ಮೈಸೂರು ಸಂಸ್ಥಾನದಲ್ಲಿ 1908ರ ಪತ್ರಿಕಾ ಕಾಯ್ದೆ ಬಂದಾಗ ತಕ್ಕಡಿಯನ್ನು ಸರ್ಕಾರ ಕಿತ್ತುಕೊಂಡಿತು. 'ತಾತಯ್ಯ' ಎಂದೇ ಹೆಸರಾದ ಎಂ. ವೆಂಕಟಕೃಷ್ಣಯ್ಯ ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿಬಿಟ್ಟರು. 1975ರ ತುರ್ತು ಪರಿಸ್ಥಿತಿಯಲ್ಲಿ ಮತ್ತೆ ಅದೇ ಕಥೆ.

ಆದರೆ ಸರ್ಕಾರ ಸುಮ್ಮನಿದ್ದಾಗಲೂ ಸುದ್ದಿ ಸಾಯುತ್ತದೆ. 1949ರಲ್ಲಿ ಅಮೆರಿಕದ ಸಂಶೋಧಕ ಡೇವಿಡ್ ಮ್ಯಾನಿಂಗ್ ವೈಟ್ ಒಬ್ಬ ಸುದ್ದಿ ಸಂಪಾದಕನ ಬೆನ್ನುಬಿದ್ದರು. ಸುದ್ದಿ ಏಜೆನ್ಸಿಗಳಿಂದ ಬಂದ ಸುದ್ದಿಯಲ್ಲಿ ಆತ ಬಳಸಿದ್ದು ಹತ್ತರಲ್ಲಿ ಒಂದು ಪಾಲು. ಬಿಟ್ಟಿದ್ದಕ್ಕೆಲ್ಲ ಕಾರಣ ಬರೆದಿಡಲು ವೈಟ್ ಆತನಿಗೆ ಹೇಳಿದ್ದರು. ಎಷ್ಟೋ ಹಾಳೆಗಳ ಮೇಲೆ ಇದ್ದದ್ದು ಒಂದೇ ಮಾತು: ಜಾಗ ಇಲ್ಲ. 1965ರಲ್ಲಿ ನಾರ್ವೆಯ ಸಂಶೋಧಕರಾದ ಗಾಲ್ಟುಂಗ್ ಮತ್ತು ರೂಗೆ ಸುದ್ದಿಯ ಹನ್ನೆರಡು ಗುಣಗಳನ್ನು ಪಟ್ಟಿ ಮಾಡಿದರು. ಓದುಗರಿಗೆ ಹತ್ತಿರದ್ದು, ದೊಡ್ಡವರಿಗೆ ಸಂಬಂಧಿಸಿದ್ದು, ಕೆಟ್ಟದ್ದು ಬೇಗ ಸುದ್ದಿಯಾಗುತ್ತದೆ ಎಂಬುದು ಅದರ ತಿರುಳು. ಪತ್ರಿಕೆಗೆ ಸುದ್ದಿ ಆರಿಸಿ ತಿದ್ದುವ ನಮ್ಮ ಡೆಸ್ಕ್‌ನವರು ಇದನ್ನು ಓದಿರಲಿಕ್ಕಿಲ್ಲ, ದಿನಾ ಮಾಡುವುದು ಮಾತ್ರ ಇದನ್ನೇ.

ಸಂಜೆ ಡೆಸ್ಕ್‌ಗೆ ಪುಟಗಳ ಡಮ್ಮಿ, ಅಂದರೆ ಪುಟದ ನಕ್ಷೆ, ಬರುತ್ತದೆ. ಅದರಲ್ಲಿ ಜಾಹೀರಾತಿನ ಚೌಕಗಳು ಮೊದಲೇ ಕೂತಿರುತ್ತವೆ. ಸುದ್ದಿಗೆ ಸಿಗುವುದು ಉಳಿದ ಜಾಗ. ನಾಲ್ಕು ಕಾಲಂ ಅಂದುಕೊಂಡದ್ದು ರಾತ್ರಿ ಒಂಬತ್ತಕ್ಕೆ ಚಿನ್ನದಂಗಡಿಯ ಜಾಹೀರಾತು ಬಂದರೆ ಎರಡು ಕಾಲಂ ಆಗುತ್ತದೆ, ಇಲ್ಲವೇ ನಾಳೆಗೆ ಉಳಿಯುತ್ತದೆ. ನಾಳೆಗೆ ಉಳಿದ ಸುದ್ದಿ ಹಳಸಿದ ಅನ್ನ. ದೂರದ ಜಿಲ್ಲೆಯ ವರದಿಗಾರನಿಗೆ ಇನ್ನೊಂದು ಕಷ್ಟ: ಬೆಂಗಳೂರಿನ ಕೊನೆಯ ಪುಟ ತಡವಾಗಿ ಮುಗಿಯುತ್ತದೆ, ಅವನ ಗಡುವು ಬೇಗ. ಸೇತುವೆ ರಾತ್ರಿ ಹತ್ತರ ಮೇಲೆ ಕುಸಿದಿದ್ದರೆ ಅದರ ಗತಿ ಅಷ್ಟೇ.

ಯಾದಗಿರಿಗೆ ಹೋಗುವ ಎಡಿಷನ್‌ನಲ್ಲಿ ಸೇತುವೆಯೇ ದೊಡ್ಡ ಸುದ್ದಿ ಆಗಬಹುದು. ಹೆಸರು ಒಂದೇ, ಮುಖಪುಟ ಬೇರೆ. ಅಲ್ಲಿನವರಿಗೆ ಸೇತುವೆ ಹೋಗಿದ್ದು ಪೇಪರ್ ನೋಡಿ ಗೊತ್ತಾಗಬೇಕಿಲ್ಲ. ಅದನ್ನು ಕಟ್ಟಲು ದುಡ್ಡು ಕೊಡಬೇಕಾದವರು ವಿಧಾನಸೌಧದಲ್ಲಿದ್ದಾರೆ. ಬೆಳಗಿನ ಕಾಫಿ ಜೊತೆ ಅವರ ಕೈಗೆ ಬರುವುದು ಮರ ಬಿದ್ದ ಎಡಿಷನ್.