ಮಾನಸಿಕ ಆಸ್ಪತ್ರೆಯ ವಾರ್ಡಿನಲ್ಲಿ ಸೋಂಕು ಅಷ್ಟು ಬೇಗ ಹರಡುವುದು ಯಾಕೆ?

ಪ್ರಶ್ನೆ: ನನ್ನ ತಮ್ಮ ಮಾನಸಿಕ ಆಸ್ಪತ್ರೆಯಲ್ಲಿ ಒಳರೋಗಿ. ಒಬ್ಬರಿಗೆ ಶುರುವಾದ ವಾಂತಿ-ಭೇದಿ ಕೆಲವೇ ದಿನಗಳಲ್ಲಿ ಅರ್ಧ ವಾರ್ಡಿಗೆ ಹರಡಿದೆ. ಅಲ್ಲಿನ ರೋಗಿಗಳು ಕೈ ತೊಳೆಯಲ್ಲ, ಅದಕ್ಕೇ ಹೀಗೆ ಎನ್ನುತ್ತಾರೆ. ನಿಜವೇ?

ಉತ್ತರ: ಸ್ವಲ್ಪ ನಿಜ. ಆದರೆ ಎಲ್ಲವನ್ನೂ ರೋಗಿಗಳ ತಲೆಗೆ ಕಟ್ಟುವುದು ತಪ್ಪು. ವಾರ್ಡನ್ನು ಕಟ್ಟಿರುವ ರೀತಿಯೇ ಸೋಂಕಿಗೆ ಅನುಕೂಲವಾಗಿರುತ್ತದೆ.

ಬೇರೆ ವಾರ್ಡಿನಲ್ಲಿ ರೋಗಿ ಹೆಚ್ಚು ಹೊತ್ತು ಹಾಸಿಗೆಯಲ್ಲೇ ಇರುತ್ತಾನೆ. ಇಲ್ಲಿ ಓಡಾಡಬೇಕು, ಒಟ್ಟಿಗೆ ಊಟ ಮಾಡಬೇಕು, ಗುಂಪಿನಲ್ಲಿ ಕೂತು ಮಾತಾಡಬೇಕು. ಚಿಕಿತ್ಸೆಯೇ ಹಾಗೆ. ಯಾರೂ ಹಾರಬಾರದು ಅಂತ ಕಿಟಕಿಗಳು ಪೂರ್ತಿ ತೆರೆಯದಂತೆ ಮಾಡಿರುತ್ತಾರೆ, ಗಾಳಿ ಆಡುವುದಿಲ್ಲ. ಯಾರಾದರೂ ಕುಡಿದುಬಿಟ್ಟಾರು ಎಂಬ ಭಯಕ್ಕೆ ಸ್ಯಾನಿಟೈಸರ್ ಬಾಟಲಿಯನ್ನು ಗೋಡೆಗೆ ನೇತುಹಾಕುವುದಿಲ್ಲ, ಸಿಬ್ಬಂದಿ ಜೇಬಿನಲ್ಲಿಟ್ಟುಕೊಳ್ಳುತ್ತಾರೆ. ಅಂದರೆ ಒಂದು ಅಪಾಯ ತಪ್ಪಿಸಲು ಹೋಗಿ ಇನ್ನೊಂದಕ್ಕೆ ದಾರಿ ಬಿಟ್ಟಂತೆ.

ಇದು ಎಲ್ಲಿಯವರೆಗೆ ಹೋಗಬಹುದು ಎಂದು 2020ರ ಫೆಬ್ರವರಿಯಲ್ಲಿ ದಕ್ಷಿಣ ಕೊರಿಯಾ ನೋಡಿತು. ಚಿಯೊಂಗ್ಡೊದ ಡೇನಾಮ್ ಆಸ್ಪತ್ರೆಯ ಬೀಗ ಹಾಕಿದ ಮಾನಸಿಕ ವಾರ್ಡಿನಲ್ಲಿ ನೂರಕ್ಕೂ ಹೆಚ್ಚು ರೋಗಿಗಳಿದ್ದರು. ಬಹುತೇಕ ಎಲ್ಲರಿಗೂ ಕೋವಿಡ್ ಬಂತು. ಒಂದೇ ಕೋಣೆಯಲ್ಲಿ ಹಲವರು ನೆಲದ ಮೇಲೆ ಹಾಸಿಕೊಂಡು ಮಲಗುತ್ತಿದ್ದರು. ಆ ದೇಶದಲ್ಲಿ ಕೋವಿಡ್‌ನಿಂದ ಮೊದಲು ತೀರಿಕೊಂಡವರು ಅಲ್ಲಿನ ಒಬ್ಬ ರೋಗಿ. ಇಪ್ಪತ್ತು ವರ್ಷಕ್ಕೂ ಜಾಸ್ತಿ ಅದೇ ಆಸ್ಪತ್ರೆಯಲ್ಲಿದ್ದವರು! ಇದನ್ನು ಬರೀ ವೈರಸ್ಸಿನ ಕಥೆ ಎನ್ನಲು ನನಗೆ ಮನಸ್ಸಾಗುವುದಿಲ್ಲ.

ನನ್ನ ಪ್ರಕಾರ ಹರಡುವುದಕ್ಕಿಂತ ದೊಡ್ಡ ತೊಂದರೆ, ಸೋಂಕು ತಡವಾಗಿ ಗೊತ್ತಾಗುವುದು. ತೀವ್ರ ಖಿನ್ನತೆಯಲ್ಲಿ ಇರುವವರು ಹೊಟ್ಟೆನೋವು ಎಂದು ಬಾಯಿಬಿಡದೇ ಇರಬಹುದು. "ನನ್ನ ಹೊಟ್ಟೆಯಲ್ಲಿ ಏನೋ ಓಡಾಡುತ್ತಿದೆ" ಎಂದು ಒಬ್ಬ ಹೇಳಿದರೆ, ಅದು ಭ್ರಮೆ ಎಂದು ಬರೆದುಕೊಳ್ಳುವುದು ಸುಲಭ. ಸೋಂಕಿನಿಂದ ಬಂದ ಗಲಿಬಿಲಿಯನ್ನೂ ಹಳೇ ಕಾಯಿಲೆ ಹೆಚ್ಚಾಗಿದೆ ಅಂದುಕೊಂಡುಬಿಡುತ್ತಾರೆ. ನಿಮ್ಮ ತಮ್ಮ ಸಾಮಾನ್ಯವಾಗಿ ಹೇಗಿರುತ್ತಾನೆ ಅಂತ ನಿಮಗೆ ಗೊತ್ತು, ಅಲ್ವಾ? "ಇವತ್ತು ಇವನು ಎಂದಿನಂತಿಲ್ಲ" ಅಂತ ನೀವು ಹೇಳಿದರೆ ಅದಕ್ಕೆ ಬೆಲೆ ಇದೆ. ಹೇಳಿ, ಸಂಕೋಚ ಬೇಡ.

ಮಾತ್ರೆಗಳ ವಿಷಯ ಇನ್ನೂ ಮುಖ್ಯ. ನಿಮ್ಮ ತಮ್ಮ ಲಿಥಿಯಂ (ಮನಸ್ಸಿನ ವಿಪರೀತ ಏರಿಳಿತ ತಡೆಯುವ ಔಷಧಿ) ತೆಗೆದುಕೊಳ್ಳುತ್ತಿದ್ದರೆ ಈ ವಾಂತಿ-ಭೇದಿಯನ್ನು ಹಗುರವಾಗಿ ನೋಡಬೇಡಿ. ಮೈಯಲ್ಲಿ ನೀರು ಕಡಿಮೆಯಾದರೆ ರಕ್ತದಲ್ಲಿ ಲಿಥಿಯಂ ಏರಿ ವಿಷವಾಗಬಹುದು. ಕೈ ಜೋರಾಗಿ ನಡುಗುವುದು, ನಡಿಗೆ ತೂರಾಡುವುದು, ಮಾತು ತೊದಲುವುದು ಅದರ ಲಕ್ಷಣ. ಸ್ಕಿಜೋಫ್ರೀನಿಯಾಗೆ ಕೊಡುವ ಕ್ಲೋಜಪೈನ್ ಆದರೆ ಎರಡು ತೊಂದರೆ. ಅದು ಅಪರೂಪಕ್ಕೆ ಬಿಳಿ ರಕ್ತಕಣಗಳನ್ನು ಅಪಾಯದ ಮಟ್ಟಕ್ಕೆ ಇಳಿಸುತ್ತದೆ, ಹಾಗಾಗಿ ಜ್ವರ, ಗಂಟಲುನೋವು ಬಂದ ತಕ್ಷಣ ರಕ್ತ ಪರೀಕ್ಷೆ ಆಗಬೇಕು. ಜೊತೆಗೆ ತೀವ್ರ ಸೋಂಕಿನ ಸಮಯದಲ್ಲಿ ಅದೇ ಡೋಸಿಗೆ ರಕ್ತದಲ್ಲಿ ಔಷಧಿಯ ಪ್ರಮಾಣ ಏರಬಹುದು. ಸಿಗರೇಟು ಸೇದುತ್ತಿದ್ದವರು ಹುಷಾರಿಲ್ಲದೆ ಬಿಟ್ಟರೂ ಹಾಗೇ ಏರುತ್ತದೆ. ಹಾಗಂತ ನೀವೇ ಮಾತ್ರೆ ನಿಲ್ಲಿಸಲು ಹೇಳಬೇಡಿ. ಅವನು ಯಾವ ಔಷಧಿಯಲ್ಲಿದ್ದಾನೆ, ರಕ್ತ ಪರೀಕ್ಷೆ ಯಾವಾಗ ಆಯಿತು ಎಂದು ವೈದ್ಯರನ್ನು ನೇರವಾಗಿ ಕೇಳಿ.

ಅವನನ್ನು ಬೇರೆ ಕೋಣೆಗೆ ಹಾಕಿದರೆ ಅದು ಶಿಕ್ಷೆಯಲ್ಲ ಎಂದು ಯಾರಾದರೂ ಅವನಿಗೆ ಬಿಡಿಸಿ ಹೇಳಬೇಕು. ಒಂಟಿಯಾಗಿ ಬೀಗದೊಳಗಿದ್ದ ನೆನಪು ಇರುವವರಿಗೆ ಅದು ತುಂಬಾ ಹೆದರಿಕೆ ತರುತ್ತದೆ. ಫೋನಿನಲ್ಲಿ ಮಾತಾಡಲು ಬಿಡುತ್ತಾರಾ ಕೇಳಿ ನೋಡಿ.

ನೋಡಲು ಹೋದಾಗ ಸೋಪು-ನೀರಿನಲ್ಲೇ ಕೈ ತೊಳೆಯಿರಿ. ಇಂಥ ವಾಂತಿ-ಭೇದಿಗೆ ಹೆಚ್ಚಾಗಿ ಕಾರಣವಾಗುವ ನೋರೊವೈರಸ್‌ಗೆ ಸ್ಯಾನಿಟೈಸರ್ ಅಷ್ಟಾಗಿ ಕೆಲಸ ಮಾಡುವುದಿಲ್ಲ. ನಿಮಗೇ ವಾಂತಿ-ಭೇದಿ ಆಗಿದ್ದರೆ, ಪೂರ್ತಿ ನಿಂತು 48 ಗಂಟೆ ಕಳೆಯುವವರೆಗೆ ಹೋಗಬೇಡಿ.