ಹನ್ನೆರಡು ನಾಣ್ಯಕ್ಕೆ ಮೂರು ತೂಕ ಸಾಕು, ಹದಿಮೂರಕ್ಕೆ ಏಕೆ ಸಾಲದು?

ಪ್ರಶ್ನೆ: 12 ನಾಣ್ಯಗಳಲ್ಲಿ ಒಂದು ಖೋಟಾ. ಅದು ಭಾರವೋ ಹಗುರವೋ ತಿಳಿಯದು. ತೂಕದ ಕಲ್ಲಿಲ್ಲದ ತಕ್ಕಡಿಯಲ್ಲಿ ಮೂರೇ ಬಾರಿ ತೂಗಿ ಖೋಟಾ ಯಾವುದು, ಅದು ಭಾರವೋ ಹಗುರವೋ ಎಂಬ ಎರಡನ್ನೂ ಹೇಳಬಹುದಂತೆ. ಹಾಗಾದರೆ 13 ನಾಣ್ಯಗಳಿದ್ದರೆ ಏಕೆ ಆಗುವುದಿಲ್ಲ?

ಉತ್ತರ: ಮೇಲ್ನೋಟದ ಲೆಕ್ಕಕ್ಕೆ 13 ಕೂಡ ಆಗಬೇಕು. ಒಮ್ಮೆ ತೂಗಿದರೆ ಎಡ ತಟ್ಟೆ ಇಳಿಯುತ್ತದೆ, ಬಲ ತಟ್ಟೆ ಇಳಿಯುತ್ತದೆ, ಇಲ್ಲವೇ ಎರಡೂ ಸಮ ನಿಲ್ಲುತ್ತವೆ. ಮೂರು ಸಲಕ್ಕೆ 27 ಬಗೆಯ ಫಲಿತಾಂಶ. 13 ನಾಣ್ಯಗಳಿಗೆ, ತಲಾ ಭಾರ ಅಥವಾ ಹಗುರ ಎಂದು, 26 ಸಾಧ್ಯತೆಗಳು. ಒಂದು ಜಾಗ ಮಿಗುತ್ತದೆ ಕೂಡ!

ತೊಡಕಿರುವುದು ಮೊದಲ ತೂಕದಲ್ಲೇ. ಉಳಿಯುವ ಎರಡು ತೂಕಗಳು ಬೇರ್ಪಡಿಸಬಲ್ಲದ್ದು ಹೆಚ್ಚೆಂದರೆ 9 ಸಾಧ್ಯತೆಗಳನ್ನು. ಆದ್ದರಿಂದ 26ನ್ನು 9, 9, 8 ಎಂದು ಒಡೆಯಬೇಕು. ಆದರೆ ಎರಡೂ ತಟ್ಟೆಯಲ್ಲಿ ಒಂದಕ್ಕೊಂದು ಸಮನಾದ ಸಂಖ್ಯೆಯ ನಾಣ್ಯಗಳನ್ನೇ ಇಡಬೇಕಲ್ಲವೇ? ನಾಲ್ಕಕ್ಕೆ ನಾಲ್ಕು ಇಟ್ಟು ಎಡ ತಟ್ಟೆ ಇಳಿದರೆ, ಎಡಗಡೆಯ ನಾಲ್ಕರಲ್ಲೊಂದು ಭಾರ ಅಥವಾ ಬಲಗಡೆಯ ನಾಲ್ಕರಲ್ಲೊಂದು ಹಗುರ: 8 ಸಾಧ್ಯತೆಗಳು. ಐದಕ್ಕೆ ಐದು ಇಟ್ಟರೆ 10. ನಡುವಿನ 9 ಬರುವುದೇ ಇಲ್ಲ. ನಾಲ್ಕಕ್ಕೆ ನಾಲ್ಕು ಇಟ್ಟು ತಕ್ಕಡಿ ಸಮ ನಿಂತರೆ, ಹೊರಗೆ ಐದು ನಾಣ್ಯಗಳು, ಅಂದರೆ 10 ಸಾಧ್ಯತೆಗಳು ಉಳಿಯುತ್ತವೆ. ಎರಡು ತೂಕಕ್ಕೆ ಅದು ಹೆಚ್ಚಾಯಿತು. ಈ ಒಗಟಿನಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಇದೇ: ಒಂದೂ ನಾಣ್ಯ ತೂಗದೆ, ಅಸಾಧ್ಯ ಎಂದು ಖಚಿತವಾಗಿ ಹೇಳಬಹುದು.

12ಕ್ಕೆ ಈ ಕಷ್ಟವಿಲ್ಲ. ಅದರ 24 ಸಾಧ್ಯತೆಗಳು 8, 8, 8 ಎಂದು ಸಲೀಸಾಗಿ ಒಡೆಯುತ್ತವೆ. 1ರಿಂದ 4 ಎಡಕ್ಕೆ, 5ರಿಂದ 8 ಬಲಕ್ಕೆ ಇಟ್ಟಾಗ ಎಡ ಇಳಿಯಿತು ಎನ್ನಿ. ಮುಂದೆ 1, 2, 5ನ್ನು ಎಡಕ್ಕೂ 3, 4, 6ನ್ನು ಬಲಕ್ಕೂ ಇಡಿ. ಮತ್ತೆ ಎಡವೇ ಇಳಿದರೆ 1 ಅಥವಾ 2 ಭಾರ, ಇಲ್ಲವೇ 6 ಹಗುರ. 1ನ್ನು 2ರ ಎದುರು ತೂಗಿದರೆ ಮುಗಿಯಿತು. ಬಲ ಇಳಿದರೆ ಇದೇ ರೀತಿ 3ನ್ನು 4ರ ಎದುರು ತೂಗಿ. ಸಮ ನಿಂತರೆ 7 ಮತ್ತು 8ರಲ್ಲಿ ಹಗುರವಾದದ್ದು ಖೋಟಾ. ಮೊದಲ ತೂಕವೇ ಸಮ ನಿಂತ ದಾರಿಯನ್ನು ನೀವೇ ಹುಡುಕಿ. ತೂಗಿ ನೋಡಿದ ಎಂಟೂ ಅಸಲಿ ಎಂಬುದು ನೆನಪಿರಲಿ.

ಭೌತವಿಜ್ಞಾನಿ ಫ್ರೀಮನ್ ಡೈಸನ್ 1946ರಲ್ಲೇ ಇದರ ಸಾಮಾನ್ಯ ಸೂತ್ರವನ್ನು ಪ್ರಕಟಿಸಿದ್ದರು. ಅದರಂತೆ ನಾಲ್ಕು ತೂಕಕ್ಕೆ ಮಿತಿ 39 ನಾಣ್ಯಗಳು.

ಇನ್ನು 13ರ ಜೊತೆಗೆ ಅಸಲಿ ಎಂದು ಗೊತ್ತಿರುವ ಒಂದು ನಾಣ್ಯವನ್ನು ಯಾರಾದರೂ ಕೊಟ್ಟರೆ ಮೂರು ತೂಕವೇ ಸಾಕು. ಒಂದು ತಟ್ಟೆಯಲ್ಲಿ ಐದು, ಇನ್ನೊಂದರಲ್ಲಿ ನಾಲ್ಕು ಮತ್ತು ಆ ಅಸಲಿ ನಾಣ್ಯ: ಬೇಕಾಗಿದ್ದ 9 ಆಗ ಸಿಗುತ್ತದೆ.